ಮಾಳಮ್ಮ ಡೈರೆಕ್ಟರ್ ಆದದ್ದು

ಆನವಟ್ಟಿ ಹತ್ತಿರ ಮೆಕ್ಕೆಜೋಳ ಬೆಳೆಯುವ ಮಾಳಮ್ಮ ರೈತರ ಕಂಪನಿಗೆ ಡೈರೆಕ್ಟರ್ ಆದದ್ದು ಯಾರೋ ಬಯಸಿದರೆಂದಲ್ಲ. ಸಹಾಯಧನ ಬೇಕಾದರೆ ಆಡಳಿತ ಮಂಡಳಿಯಲ್ಲಿ ಹೆಂಗಸರೂ ಇರಬೇಕೆಂದು ಮೇಲಿನವರು ಹೇಳಿದ್ದರು. ಅಧ್ಯಕ್ಷ ತೀರ್ಥೇಶ್ ಮನೆಗೇ ಬಂದು, "ಹೆಸರಿಗಷ್ಟೇ ಅಕ್ಕಾ. ಸಭೆಗೆ ಬಂದು ಸೈನ್ ಹಾಕಿದ್ರೆ ಸಾಕು" ಎಂದ. ಪೇಟೆಯಲ್ಲಿ ಗೋಣಿಚೀಲದ ಅಂಗಡಿಯೂ ಊರಾಚೆ ತುಂಡು ಹೊಲವೂ ಇದ್ದ ಅಕ್ತರ್ ಬೀಯನ್ನೂ ಹಾಗೆಯೇ ಸೇರಿಸಿಕೊಂಡರು.

ಆ ಸುಗ್ಗಿಯಲ್ಲೇ ಜಗಳವಾಯಿತು. ಕಂಪನಿಯ ಜೋಳವನ್ನು ಕೂಡಲೇ ಮಾರಿಬಿಡಬೇಕೆಂದು ಗಂಡಸರೆಲ್ಲ ಒಂದಾದರು.

"ಕಾಳು ಇನ್ನೂ ಹಸಿ ಐತ್ರೀ. ಒಣಗ್ಸಿ, ಸ್ವಲ್ಪ ಕಾದು ಮಾರನ" ಎಂದಳು ಮಾಳಮ್ಮ. ಅಕ್ತರ್ ಬೀ ದನಿಗೂಡಿಸಿದಳು. ಉಳಿದವರು ಗೊಣಗುತ್ತಲೇ ಒಪ್ಪಿದರು. ಕಾಳು ಒಣಗಿ ಗೋದಾಮು ಸೇರಿತು, ಅಷ್ಟರಲ್ಲಿ ಧಾರಣೆಯೂ ಏರಿತು. ವರ್ಷವರ್ಷವೂ ನಷ್ಟದಲ್ಲೇ ಇದ್ದ ಕಂಪನಿ ಲಾಭ ಕಂಡಿತು.

ಶಿಕಾರಿಪುರದಲ್ಲಿ ನಡೆದ ರೈತ ಕಂಪನಿಗಳ ಸಭೆಯಲ್ಲಿ, ತರಬೇತಿ ಕೊಡುವ ಸಂಸ್ಥೆಯ ದಿವ್ಯ ಮೇಡಂ ಮಾಳಮ್ಮನನ್ನು ವೇದಿಕೆಗೆ ಕರೆದರು. "ಹೆಂಗಸರು ಆಡಳಿತಕ್ಕೆ ಬಂದ್ರೆ ಕಂಪನಿಗೆ ಲಾಭ. ಇವರೇ ಸಾಕ್ಷಿ!"

ಮಾಳಮ್ಮ ಮೈಕ್ ಹಿಡಿದಳು. "ರೇಟೂ ಏರಿತ್ತಲ್ರೀ ಮೇಡಂ. ನಮ್ಮಿಂದ ಎಷ್ಟು, ರೇಟಿಂದ ಎಷ್ಟು, ನಂಗೊತ್ತಿಲ್ಲ."

ಜನ ಅದನ್ನು ವಿನಯವೆಂದು ತಿಳಿದು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಅವಳು ಕಕ್ಕಾಬಿಕ್ಕಿಯಾಗಿ ಕೆಳಗಿಳಿದಳು.

ಮರುವರ್ಷವೂ ಅವಳ ಮಾತಿನಂತೆ ಜೋಳ ಮಾರದೆ ಕಾದರು. ಧಾರಣೆ ಕುಸಿಯಿತು, ಕಂಪನಿಗೆ ನಷ್ಟವಾಯಿತು.

"ಹೆಂಗಸರ ಮಾತು ಕೇಳಿ ಹಿಂಗಾತು" ಎಂದ ತೀರ್ಥೇಶ್, ಸಭೆಯಲ್ಲಿ ಎಲ್ಲರೆದುರೇ. ಮಾಳಮ್ಮ ತಲೆ ತಗ್ಗಿಸಿದಳು. ಹೌದೇನೋ ಎಂದು ಅವಳಿಗೇ ಅನ್ನಿಸಿತ್ತು.

ಅಕ್ತರ್ ಬೀ ಮಾತ್ರ ಬಿಡಲಿಲ್ಲ. "ನಾವು ಬರೋಕೆ ಮುಂಚೆಯೂ ಲುಕ್ಸಾನೇ ಇತ್ತಲ್ಲ ತೀರ್ಥೇಶಣ್ಣ. ಗಂಡಸರಿಂದ ಹಿಂಗಾತು ಅಂತ ಅವಾಗ ಯಾರಾದ್ರೂ ಅಂದ್ರಾ?"

ಆ ಮಾತು ಕೇಳಿ ಮಾಳಮ್ಮನ ಗೊಂದಲ ಇನ್ನೂ ಹೆಚ್ಚಿತು. ಲಾಭ ತಮ್ಮದಲ್ಲದಿದ್ದರೆ ನಷ್ಟ ಮಾತ್ರ ತಮ್ಮದು ಹೇಗಾಗುತ್ತದೆ? ನಷ್ಟ ತಮ್ಮದಲ್ಲವೆಂದರೆ ಆ ಚಪ್ಪಾಳೆ ಯಾರಿಗೆ ಸೇರಬೇಕಿತ್ತು?

ಆಡಳಿತ ಮಂಡಳಿಗೆ ಚುನಾವಣೆ ಬಂದಾಗ, ಬಿಟ್ಟುಬಿಡಬೇಕೆಂದುಕೊಂಡವಳು ಕೊನೆಗೆ ಹೆಸರು ಕೊಟ್ಟು ಬಂದಳು.

"ಬೈಸ್ಕೊಳ್ಳಾಕೆ ಮತ್ತೆ ಹೋಗ್ತೀಯಾ?" ಎಂದು ಗಂಡ ಶಿವರಾಮ ಕೇಳಿದ.

"ಹೊರಗೆ ನಿಂತ್ರೆ ಏನೂ ತಿಳಿಯಲ್ಲ. ಒಳಗಿದ್ರೆ ಏನಾದ್ರೂ ತಿಳೀಬಹುದೇನೋ."

ಅವಳು ಗೆದ್ದಳು. ಈ ಸುಗ್ಗಿಯಲ್ಲಿ ಅರ್ಧ ಜೋಳ ಈಗಲೇ ಮಾರಿ, ಅರ್ಧ ಇಟ್ಟುಕೊಳ್ಳೋಣ ಎಂದಳು. ತೀರ್ಥೇಶನೂ ತಕರಾರು ತೆಗೆಯಲಿಲ್ಲ. ಮಾರಿದ ಜೋಳ ಹೊತ್ತು ಸೊರಬದ ಕಡೆ ಲಾರಿ ಹೊರಟಾಗ, ಗೋದಾಮಿನಲ್ಲಿ ಉಳಿದ ಚೀಲಗಳನ್ನು ನೋಡುತ್ತ ನಿಂತ ಮಾಳಮ್ಮನಿಗೆ ತಾನು ಹೇಳಿದ್ದು ಸರಿಯೋ ತಪ್ಪೋ ಆಗಲೂ ತಿಳಿಯಲಿಲ್ಲ.