ಕನ್ನಡಿ ನೋಡಿ ಉಟ್ಟ ನಿರ್ದೇಶಕ

ಕ್ಯೋಟೊದ ಉಜುಮಸಾ ಸ್ಟುಡಿಯೋದಲ್ಲಿ ಇಸೊಗಾಯ್ ರ್ಯೋಸಾಕು ನಲವತ್ತು ವರ್ಷ ದುಡಿದು ಎಂಬತ್ತಮೂರು ಸಮುರಾಯಿ ಸಿನಿಮಾ ತೆಗೆದ. ಎಂಬತ್ತಮೂರೂ ಒಂದೇ ಸಿನಿಮಾ. ಹೊಳೆಯ ದಂಡೆ, ಒಬ್ಬ ವೀರ, ಸಾಯಲೆಂದೇ ಬಂದ ಮೂವತ್ತು ಜನ, ಕೊನೆಗಿಷ್ಟು ಗಾಳಿ. ಸ್ವಂತ ಕೈಯಲ್ಲಿ ಆತ ಹಿಡಿದ ಅಲಗೆಂದರೆ ಹಣ್ಣು ಸುಲಿಯುವ ಚಾಕು. ತಾನು ತೊಡುವುದು ವರ್ಷವಿಡೀ ಕೋಟು, ಟೊಪ್ಪಿ.

ಆ ವೀರರಲ್ಲಿ ಹೆಚ್ಚಿನವರಿಗೆ ಎದೆಯ ಮೇಲೆ ಮಡಿಸಿ ಕಟ್ಟುವ ಕಿಮೊನೊ ಉಡಿಸಿ ಸೊಂಟಪಟ್ಟಿ ಬಿಗಿದವಳು ಶಿಗೆನೊ. ಅವಳ ಆಸೆ ಒಂದೇ. ಪರದೆಯ ಮೇಲೆ ಹೆಸರುಗಳು ಓಡುವಾಗ ತನ್ನದೂ ಒಮ್ಮೆ ಕಾಣಬೇಕು.

"ಯಜಮಾನ್ರೇ, ಈ ಸಲನಾದ್ರೂ..."

"ಮುಂದಿನ ಸಿನಿಮಾಕ್ಕೆ ಹಾಕಿಸ್ತೀನಮ್ಮ, ಖಂಡಿತ."

ಇಪ್ಪತ್ತಾರು ವರ್ಷ ಇದೇ ಮಾತು. ಹೀರೋ ಸಾಕಿದ ನಾಯಿಯ ಹೆಸರೂ ಪರದೆ ಹತ್ತಿತು, ಇವಳದು ಹತ್ತಲಿಲ್ಲ. ಅಷ್ಟರಲ್ಲಿ ಮನೆಮನೆಗೆ ಟಿ.ವಿ. ಬಂದು ಥಿಯೇಟರುಗಳು ಖಾಲಿ ಹೊಡೆದವು. ಮುಂದಿನ ಸಿನಿಮಾ ಬರಲೇ ಇಲ್ಲ. ಬಂದದ್ದು ಇಸೊಗಾಯ್‌ನ ಸನ್ಮಾನ.

ಅಂದು ಅವನಿಗೆ ಕಿಮೊನೊ ಉಡುವ ಹುಕಿ ಬಂತು. ತನ್ನದೇ ಸಿನಿಮಾದ ಪೋಸ್ಟರನ್ನು ಪಕ್ಕದಲ್ಲಿಟ್ಟುಕೊಂಡು, ಕನ್ನಡಿಯೊಳಗಿನ ಆಕೃತಿ ಅದರಂತೆಯೇ ಕಾಣುವವರೆಗೆ ಎದೆಯ ಮಡಿಕೆ ಸರಿಮಾಡಿದ. ಜೀವಮಾನವೆಲ್ಲ ಎದುರಿಂದಲೇ ನೋಡಿದವನಿಗೆ ಕನ್ನಡಿ ಎಡಬಲ ತಿರುಗಿಸುತ್ತದೆಂಬುದು ಹೊಳೆಯಲಿಲ್ಲ. ಬದುಕಿರುವವರು ಎಡಮಡಿಕೆಯನ್ನು ಮೇಲೆ ತರುತ್ತಾರೆ. ಬಲಮಡಿಕೆ ಮೇಲೆ ಬರುವುದು ಹೆಣಕ್ಕೆ ಉಡಿಸುವಾಗ.

ವೇದಿಕೆಯ ಮರೆಯಲ್ಲಿ ಶಿಗೆನೊ ಅವನನ್ನು ತಡೆದಳು. "ಯಜಮಾನ್ರೇ, ಮಡಿಕೆ ತಿರುಗು ಮುರುಗಾಗಿದೆ. ಒಂದು ನಿಮಿಷ ನಿಲ್ಲಿ, ಸರಿ ಮಾಡ್ತೀನಿ."

"ಎಂಬತ್ತಮೂರು ಸಮುರಾಯಿಗಳನ್ನ ಹುಟ್ಟಿಸಿದೋನು ನಾನು. ನಂಗೆ ಉಡೋದು ಕಲಿಸ್ತೀಯಾ? ಹೋಗಿ ಹಿಂದೆ ಕೂತ್ಕೋ, ಹೋಗು!"

ಅವಳು ಹೋಗಿ ಹಿಂದೆ ಕೂತಳು.

ಇಸೊಗಾಯ್ ವೇದಿಕೆ ಹತ್ತಿದ. ನಟರಿಗೆ, ಕ್ಯಾಮೆರಾದವನಿಗೆ, ಕುದುರೆ ಹಿಡಿದವನಿಗೂ ಕೃತಜ್ಞತೆ ಹೇಳಿದ. ಮುಂದಿನ ಸಾಲಿನ ಮುದುಕಿಯರು ಬಾಯಿಗೆ ತೋಳು ಅಡ್ಡ ಹಿಡಿದರು.

"ಅಯ್ಯೋ, ಇದೇನ್ರೀ, ಸುಡೋಕೆ ಮುಂಚೆ ಭಾಷಣಾನಾ?" ಎಂದು ಒಬ್ಬಳು ಪಿಸುಗುಟ್ಟಿದ್ದು ಮೈಕಿಗೂ ಕೇಳಿಸಿತು. ಸಭೆ ಕಿಸಕ್ಕೆಂದಿತು.

ಇಸೊಗಾಯ್ ತನ್ನ ಎದೆ ನೋಡಿಕೊಂಡ. ಮುಖ ಸುಟ್ಟ ಬದನೆಕಾಯಿಯಾಯಿತು. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಇವನಿಗೆ ನೆಲವೂ ಸಿಗಲಿಲ್ಲ, ಶಿಗೆನೊ ಸಿಕ್ಕಳು.

"ನಂದಲ್ಲ ತಪ್ಪು! ಉಡಿಸಿದ್ದು ನಮ್ಮ ಶಿಗೆನೊ! ಅಗೋ, ಹಿಂದೆ ಕೂತವಳೆ, ಶಿಗೆನೊ!"

ಇಪ್ಪತ್ತಾರು ವರ್ಷದಲ್ಲಿ ಆ ಹೆಸರನ್ನು ಅವನು ನಾಲ್ಕು ಜನರ ಮುಂದೆ ಎತ್ತಿದ್ದು ಅದೇ ಮೊದಲು. ಸಭೆಯೆಲ್ಲ ಹಿಂದೆ ತಿರುಗಿತು. ಶಿಗೆನೊ ನಿಧಾನಕ್ಕೆ ಎದ್ದು, ಸೊಂಟ ಬಗ್ಗಿಸಿ ಎಲ್ಲರಿಗೂ ನಮಸ್ಕರಿಸಿ, ತಾನೇ ಕೇಳಿದಳು.

"ಯಾರು ಯಜಮಾನ್ರೇ ಆ ಶಿಗೆನೊ? ನಿಮ್ಮ ಸಿನಿಮಾ ಒಂದೂ ಬಿಡದೆ ನೋಡಿದೀನಿ. ಹೆಸರುಗಳು ಮುಗಿಯೋ ತನಕ ಎದ್ದೋಳಲ್ಲ ನಾನು. ಅಂಥವಳು ಒಬ್ಬಳು ನಿಮ್ಮ ಹತ್ರ ಕೆಲಸಕ್ಕಿದ್ಲು ಅಂತ ಎಲ್ಲೂ ಓದಿದ ನೆನಪಿಲ್ಲ."

ನಗು ಸೂರು ಹಾರಿಸಿತು. ಶಿಗೆನೊ ಚಪ್ಪಲಿ ಮೆಟ್ಟಿ ಮನೆಗೆ ನಡೆದಳು. ಇಸೊಗಾಯ್ ಅದೇ ಹೆಣದ ಮಡಿಕೆಯಲ್ಲಿ ಹಾರ ಹಾಕಿಸಿಕೊಂಡ. ಸರಿಪಡಿಸಲು ಅವನಿಗೆ ಬರುತ್ತಿರಲಿಲ್ಲ.