ಕೊತ್ತತ್ತಿ ಮುದುಕರ ಕೈಬಲ

ಇಲ್ಲಿನ ಮುದುಕರಿಗೆ ಕೈಯಲ್ಲಿ ಬಲವೇ ಇಲ್ಲ. ಹೀಗೆಂದು ಕಾಗದದ ಮೇಲೆ ದುಂಡಗಿನ ಅಕ್ಷರದಲ್ಲಿ ಬರೆದವನು ನಾನೇ. ಬರೆದ ಕೆಲವೇ ದಿನಕ್ಕೆ ಅವರಲ್ಲೊಬ್ಬ ಮುದುಕರು ನನ್ನನ್ನು ಒಂದೇ ಕೈಯಲ್ಲಿ ಕಾಲುವೆಯಿಂದ ಎತ್ತಿ ದಡಕ್ಕೆ ಹಾಕಿದರು, ಒದ್ದೆ ಗೋಣಿಚೀಲ ಎತ್ತಿದ ಹಾಗೆ.

ಮೊದಲಿಂದ ಹೇಳುತ್ತೇನೆ. ಮೆಟ್ರಿಕ್ಕಿನ ಲೆಕ್ಕದಲ್ಲಿ ಎರಡು ಸಲ ಮುಗ್ಗರಿಸಿದ ನನ್ನನ್ನು ಡಾಕ್ಟರೊಬ್ಬರು ಅಳತೆಯ ಗುಮಾಸ್ತನಾಗಿ ಇಟ್ಟುಕೊಂಡದ್ದು ಕುಂದಾಪುರದ ನಿಮಗೆಲ್ಲ ಗೊತ್ತು. ಯಾವ ಸೀಮೆಯ, ಯಾವ ಜನದ ಮುದುಕರಲ್ಲಿ ಎಷ್ಟು ಮಾಂಸಖಂಡ, ಎಷ್ಟು ಬಲ ಉಳಿದಿರುತ್ತದೆಂದು ಹೋಲಿಸಿ ನೋಡುವ ಹುಚ್ಚು ಅವರಿಗೆ. ಊರಿನ ಅಳತೆ ಮುಗಿಸಿ, ನನ್ನನ್ನೂ ಕಟ್ಟಿಕೊಂಡು ಘಟ್ಟ ಹತ್ತಿ ಮಂಡ್ಯಕ್ಕೆ ಬಂದರು. ನನ್ನ ಆಯುಧ ಎರಡು: ತೋಳಿಗೆ ಸುತ್ತುವ ಟೇಪು, ಅಂಗೈಯಲ್ಲಿ ಹಿಂಡುವ ಉಕ್ಕಿನ ಸ್ಪ್ರಿಂಗು. ಹಿಂಡಿದಷ್ಟೂ ಅದರ ಮುಳ್ಳು ಮುಂದೆ ಹೋಗುತ್ತದೆ.

ಊರಲ್ಲಿ ಅಳತೆಯೆಂದರೆ ಪಂದ್ಯ. ಬಲೆ ಎಳೆದು ಬೆಳೆದ ನನ್ನಜ್ಜ ಹಲ್ಲು ಕಚ್ಚಿ ಹಿಂಡಿ, "ಎಂತದಾ, ಇಷ್ಟೇಯಾ?" ಎಂದು ಪಕ್ಕದಮನೆ ಅಜ್ಜನಿಗೆ ದಾಟಿಸಿದರೆ, ಆತ ಮುಳ್ಳನ್ನು ಇನ್ನೊಂದು ಗೆರೆ ದಾಟಿಸದೆ ಊಟಕ್ಕೇಳುತ್ತಿರಲಿಲ್ಲ. ಮಂಡ್ಯದ ಪಕ್ಕದ ಹಳ್ಳಿ ಕೊತ್ತತ್ತಿಯಲ್ಲಿ ಮುದುಕರು ಸಾಲಾಗಿ ಬಂದು, ಹೆಗಲ ವಸ್ತ್ರದಿಂದ ಕೈ ಒರೆಸಿಕೊಂಡು, ಸ್ಪ್ರಿಂಗನ್ನು ಕೋಳಿಮರಿಯ ಹಾಗೆ ಹಿಡಿದು ವಾಪಸು ಕೊಟ್ಟರು. ಮುಳ್ಳು ಮಲಗೇ ಇತ್ತು. ತೋಳುಗಳೂ ಸಣ್ಣ.

ಡಾಕ್ಟರಿಗೆ ಪರಮಾನಂದ. "ಮೀನು ತಿನ್ನೋ ಜನಕ್ಕೂ ರಾಗಿ ತಿನ್ನೋ ಜನಕ್ಕೂ ವ್ಯತ್ಯಾಸ ನೋಡಿದೆಯೇನಯ್ಯ?" ಎಂದರು. ಎದುರು ಮಾತಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ನುಂಗಬೇಕಾದ ಮುದ್ದೆಯನ್ನು ಅಗಿದು ದವಡೆ ಅಂಟಿಸಿಕೊಂಡು ಕೂತಿದ್ದೆ.

ಯಡವಟ್ಟೆಂದರೆ, ಪಟ್ಟಿಯ ನಕಲೊಂದು ಕಾಲುವೆ ಕಚೇರಿಗೂ ಹೋಯಿತು. ನಾನು ಉಳಿದುಕೊಂಡಿರುವುದು ಬೋರೇಗೌಡರ ಮನೆಯ ಜಗಲಿಯಲ್ಲಿ. ಅರವತ್ತು ದಾಟಿದ ಅವರು ಇಲ್ಲಿಯ ನೀರುಗಂಟಿ, ಅಂದರೆ ತೂಬಿನ ಹಲಗೆ ಎತ್ತಿ ಕಾಲುವೆ ನೀರನ್ನು ಗದ್ದೆಗಳಿಗೆ ಹಂಚುವವರು. "ಬಲ ಸಾಲದು" ಎಂದು ಅವರ ಹೆಸರಿನ ಮುಂದೆ ನಾನು ಬರೆದ ಷರಾ ನೋಡಿ, ತಿಂಗಳ ಕೊನೆಗೆ ಕೆಲಸ ಬಿಡಬೇಕೆಂದು ಅವರಿಗೆ ಆರ್ಡರು ಬಂತು. ಆ ಮನೆಯಲ್ಲಿ ಓದು ಬರುವವನು ನಾನೊಬ್ಬನೇ. ಓದಿ ಹೇಳಿದವನೂ ನಾನೇ.

ಗೌಡರು ಎದ್ದು ತೂಬಿನ ಕಡೆ ಹೋದರು. ಅವರ ಹೆಂಡತಿ ನಿಂಗಮ್ಮ ನನ್ನ ತಟ್ಟೆಗೆ ಎಂದಿಗಿಂತ ದೊಡ್ಡ ಮುದ್ದೆ ಇಟ್ಟು, "ಉಣ್ಣಪ್ಪ, ಬಲ ಬತ್ತದೆ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಮಾರನೇ ಬೆಳಿಗ್ಗೆ ಪಾಪಪ್ರಜ್ಞೆಯಿಂದ ತೂಬಿನ ಹತ್ತಿರ ಹೋಗಿ, "ಹಲಗೆ ನಾನೆತ್ತುತ್ತೇನೆ ಗೌಡ್ರೆ" ಎಂದೆ. ಹಲಗೆ ಏಳಲಿಲ್ಲ. ನಾನು ಬಿದ್ದೆ. ಕಡಲ ತಡಿಯಲ್ಲಿ ಹುಟ್ಟಿಯೂ ಈಜು ಬಾರದವನೆಂಬ ಗುಟ್ಟು ಅವತ್ತು ಇಡೀ ಕೊತ್ತತ್ತಿಗೆ ಗೊತ್ತಾಯಿತು. ಗೌಡರು ನನ್ನ ಮಣಿಕಟ್ಟು ಹಿಡಿದು ಎಳೆದುಹಾಕಿ, ಅದೇ ಉಸಿರಿನಲ್ಲಿ ಹಲಗೆಯನ್ನೂ ಎತ್ತಿದರು.

ಕೆಮ್ಮುತ್ತಲೇ ಕೇಳಿದೆ: "ಇಷ್ಟು ಬಲ ಇಟ್ಕೊಂಡು ಅವತ್ತು ಯಾಕೆ ಹಿಂಡಲಿಲ್ಲ?"

"ಸರ್ಕಾರದ್ ಸಾಮಾನು, ಜ್ವಾಪಾನ ಅಂದೋನು ನೀನೇ ಅಲ್ವೇನ್ಲಾ? ಹಿಂಡಿ ಮುರ್ದೋದ್ರೆ ಯಾರು ಜವಾಬ್ದಾರಿ? ಅದ್ಕೇ ಎಲ್ರೂ ಉಸಾರಾಗಿ ಇಡ್ಕೊಂಡೋ."

"ಎಲ್ಲರೂನಾ?"

"ಇನ್ನೇನು ಮತ್ತೆ. ಕಂಡೋರ್ ಸಾಮಾನ ನಿಮ್ಮೂರಲ್ಲಿ ಹಿಂಡಾಕ್ತಾರಾ?"

ಹೌದು, ಹಾಗೆಂದವನು ನಾನೇ. ಊರಲ್ಲಿ ನಾನು ಇಂಥವರ ಮೊಮ್ಮಗ ಎಂದರೆ ಸಾಕಿತ್ತು. ಇಲ್ಲಿ ನನ್ನ ಗುರುತು ಯಾರಿಗೂ ಇಲ್ಲವಲ್ಲ ಎಂದು, ಗತ್ತಿಗಾಗಿ ಸರ್ಕಾರವನ್ನು ಎಳೆದು ತಂದಿದ್ದೆ. ಸ್ಪ್ರಿಂಗು ಡಾಕ್ಟರದೇ ಸ್ವಂತದ್ದು.

ಒದ್ದೆ ಬಟ್ಟೆಯಲ್ಲೇ ಮಂಡ್ಯಕ್ಕೆ ಓಡಿ, ಮಣಿಕಟ್ಟಿನ ಮೇಲೆ ಮೂಡಿದ್ದ ಐದು ಬೆರಳುಗಳನ್ನು ಡಾಕ್ಟರ ಮೂಗಿನೆದುರು ಹಿಡಿದೆ.

"ಮಣಿಕಟ್ಟಿಗೆ ಕಾಲಂ ಇಲ್ಲವಲ್ಲಯ್ಯ," ಎಂದರು.

"ಇನ್ನೊಂದು ಸಲ ಅಳೆಯೋಣ ಸಾರ್. ತಪ್ಪು ನಂದು."

"ಒಬ್ಬರನ್ನ ಎರಡು ಸಲ ಅಳೆದರೆ ಹೋಲಿಕೆಯೇ ಕೆಟ್ಟುಹೋಗುತ್ತೆ."

ಕಾಲುವೆ ಕಚೇರಿಗೆ ಮೂರು ಅರ್ಜಿ ಬರೆದೆ. ನನ್ನ ಒಂದು ಸಾಲು ಷರಾವನ್ನು ತಕ್ಷಣ ನಂಬಿದವರು ಮೂರು ಅರ್ಜಿಗೂ ಉತ್ತರ ಕೊಡಲಿಲ್ಲ. ತಿಂಗಳು ಮುಗಿಯಿತು. ಮದ್ದೂರಿನ ಕಡೆಯಿಂದ ಹೊಸ ನೀರುಗಂಟಿ ಬಂದ. ಟೇಪು ಸಾಲದಷ್ಟು ದಪ್ಪ ತೋಳು. ದಿನಾ ಬೆಳಿಗ್ಗೆ ಅವನು ನಮ್ಮ ಜಗಲಿಯ ಮುಂದೆ ನಿಂತು, "ಗೌಡ್ರೇ, ಹಲ್ಗೆ ಅಳ್ಳಾಡ್ತಿಲ್ಲ, ಒಸಿ ಬನ್ನಿ" ಎನ್ನುತ್ತಾನೆ. ಗೌಡರು ಹೋಗುತ್ತಾರೆ. ಎತ್ತಿಕೊಟ್ಟು ಬರುತ್ತಾರೆ. ಕೆಲಸ ಅವರದು, ಹೆಸರು ಅವನದು.

ಮೊನ್ನೆ ಡಾಕ್ಟರು ಹೊಸ ಸ್ಪ್ರಿಂಗು ತರಿಸಿದರು. ಪರೀಕ್ಷೆಗೆ ಮೊದಲು ನನ್ನ ಕೈಗೇ ಕೊಟ್ಟು, ಕರಾವಳಿಯ ಕಾಲಂನಲ್ಲಿ ಪೆನ್ನು ಊರಿ ಕಾದರು. ಅಜ್ಜನನ್ನು ನೆನೆದು ಹಲ್ಲು ಕಚ್ಚಿದೆ. ಆದರೆ ಉಕ್ಕು ಅಂಗೈಗೆ ತಾಗಿದ್ದೇ ತಡ, ಮುರಿದರೆ ಏನು ಗತಿ ಎಂದು ಬೆರಳುಗಳು ತಾವಾಗಿ ಸಡಿಲವಾದವು. ಮುಳ್ಳು ಅಲುಗಲಿಲ್ಲ. ಡಾಕ್ಟರು ಒಮ್ಮೆ ನನ್ನನ್ನು, ಒಮ್ಮೆ ಕಾಗದವನ್ನು ನೋಡಿ, ಪೆನ್ನನ್ನು ಕರಾವಳಿ, ಮಂಡ್ಯ ಎಂಬ ಎರಡು ಕಾಲಂಗಳ ನಡುವಿನ ಗೆರೆಯ ಮೇಲೆ ಇಟ್ಟರು.