ಮಡಿ ಅತ್ತೆ ಮತ್ತು ಕೊಕ್ಕರೆ

ಆಗ ತಮಿಳು ಸೀಮೆಯ ನಮ್ಮ ಅಡ್ಯಾರಿನಲ್ಲಿ ಮಾರ್ಗಶಿರ ಬಂದರೆ ನಿಜವಾಗಿಯೂ ಚಳಿಯಿರುತ್ತಿತ್ತು. ಬೆಳಿಗ್ಗೆ ಎದ್ದರೆ ಹುಗ್ಗಿಯ ಮೆಣಸು, ತುಪ್ಪದ ವಾಸನೆ. ವೇದಾ ಅತ್ತೆ ಒದ್ದೆ ಸೀರೆಯಲ್ಲೇ ಮಹಡಿ ಹತ್ತಿ, ಕಾಗೆಗಳಿಗೆ ಅನ್ನವಿಟ್ಟು, ಗಿಳಿಗಳಿಗೆಂದು ತೂಗುಹಾಕಿದ ಕರಟದಲ್ಲಿ ಭತ್ತ ತುಂಬುತ್ತಿದ್ದರು. ಅಪ್ಪನ ಅಕ್ಕ ಅವರು. ಮಹಾ ಮಡಿ. ನನ್ನ ಸ್ಕೂಲ್ ಬ್ಯಾಗ್ ತಾಕಿದರೂ ಇನ್ನೊಂದು ಸ್ನಾನ.

ಅಂಥ ಒಂದು ಭಾನುವಾರ ಅಪ್ಪ ಅತ್ತೆಯನ್ನೂ ನನ್ನನ್ನೂ ಹಕ್ಕಿ ತೋರಿಸಲು ನದಿ ಸಮುದ್ರ ಸೇರುವ ಕಡೆಗೆ ಕರೆದುಕೊಂಡು ಹೋದರು. ಕಂಡದ್ದು ಮೊದಲು ಹಕ್ಕಿಯಲ್ಲ, ಕೊಳಕು. ಕಪ್ಪು ನೀರು, ಕೊಳೆತ ಮೊಟ್ಟೆಯ ನಾತ, ಹೊಟ್ಟೆ ಊದಿದ ಮೀನು, ಯಾರದೋ ಹರಿದ ಹಾಸಿಗೆ. ಅದರ ನಡುವೆಯೇ ಬಣ್ಣದ ಕೊಕ್ಕರೆಗಳು ಮೇಯುತ್ತಿದ್ದವು. ಕಟ್ಟಿಕೊಂಡು ಬಂದಿದ್ದ ಚಿತ್ರಾನ್ನದ ಡಬ್ಬಿಯನ್ನು ನಾನು ಮುಚ್ಚಿಬಿಟ್ಟೆ.

ದಡದ ಹತ್ತಿರ ಒಂದು ಕೊಕ್ಕರೆ ಕೆಸರಿನಲ್ಲಿ ಕುಸಿದು ಕೂತಿತ್ತು. ಪ್ಲಾಸ್ಟಿಕ್ ಚೀಲದ ಹಿಡಿ ಅದರ ಕೊಕ್ಕಿಗೆ ಬಿಗಿಯಾಗಿ ಸುತ್ತಿಕೊಂಡಿತ್ತು. ಬಾಯಿ ತೆರೆಯಲಾಗದೆ ತಲೆ ಕೊಡವುತ್ತಿತ್ತು. ಸುತ್ತ ನಿಂತವರು ನಗುತ್ತಾ ಫೋಟೋ ತೆಗೆಯುತ್ತಿದ್ದರು. ಒಬ್ಬ ಮಹಾನುಭಾವ ಬಿಸ್ಕತ್ತು ತಿಂದು ಖಾಲಿ ಕವರನ್ನು ಅಲ್ಲಿಗೇ ಎಸೆದ.

ಅತ್ತೆ ಕಚ್ಚೆ ಎತ್ತಿ ಕಟ್ಟಿದರು.

"ಅಕ್ಕಾ, ಬೇಡ! ಅದು ಸಾಕ್ಕಡೆ ನೀರು, ಊರಿನ ಚರಂಡಿಯೆಲ್ಲ ಅಲ್ಲಿಗೇ ಬರತ್ತೆ" ಎಂದರು ಅಪ್ಪ.

"ಸುಮ್ನಿರೋ. ಬಾಯಿ ಕಟ್ಟಿದ್ರೆ ಅದು ಹೇಗೋ ತಿನ್ನತ್ತೆ?"

ಮೊಣಕಾಲಿನವರೆಗೆ ಹೂತುಕೊಂಡು ಹೋಗಿ, ಹಕ್ಕಿಯನ್ನು ಸೆರಗಿನಲ್ಲಿ ಸುತ್ತಿ ಹಿಡಿದು, ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಕಚ್ಚಿ ಹರಿದರು. ಏಕಾದಶಿಯಂದು ನೀರನ್ನೂ ಮುಟ್ಟದ ಬಾಯಿ ಅದು. ಕೊಕ್ಕು ಬಿಡುಗಡೆಯಾದದ್ದೇ ತಡ, ಹೆದರಿದ ಹಕ್ಕಿ ಅರೆಜೀರ್ಣವಾದ ಮೀನನ್ನು ಅವರ ಎದೆಯ ಮೇಲೇ ಕಾರಿತು. ಆಮೇಲೆ ತತ್ತರಿಸುತ್ತ ಎದ್ದು, ರೆಕ್ಕೆ ಬಡಿದು, ತನ್ನ ಗುಂಪಿನತ್ತ ಹಾರಿಹೋಯಿತು.

ಅತ್ತೆ ದಡಕ್ಕೆ ಬಂದು ತಾವೂ ವಾಂತಿ ಮಾಡಿಕೊಂಡರು. ಸಿಲ್ಕ್ ಸೀರೆಯ ಹೆಂಗಸೊಬ್ಬಳು ಹಿಂದೆ ಸರಿದು, "ಚೀ, ಎನ್ನ ನಾತ್ತಂ!" ಎಂದಳು, ಎಂಥ ನಾತವೆಂದು ತಮಿಳಿನಲ್ಲಿ.

ಅತ್ತೆ ಬಾಯಿ ಒರೆಸಿಕೊಂಡು ಅವಳನ್ನೇ ನೋಡಿದರು. "ಈ ನಾತ ಹಕ್ಕೀದಲ್ಲಮ್ಮ. ನಮ್ದು."

ಆ ಹೆಂಗಸಿಗೆ ಕನ್ನಡ ತಿಳಿಯಲಿಲ್ಲ. ತಿಳಿದಿದ್ದರೂ ಏನೂ ಆಗುತ್ತಿರಲಿಲ್ಲ, ಬಿಡಿ. ಯಾವ ಆಟೋದವನೂ ನಮ್ಮನ್ನು ಹತ್ತಿಸಿಕೊಳ್ಳಲಿಲ್ಲ. ಮೂವರೂ ಗಬ್ಬು ನಾರುತ್ತ ನಡೆದೇ ಮನೆಗೆ ಬಂದೆವು.

ಅತ್ತೆ ಹೋಗಿ ವರ್ಷಗಳಾದವು. ಮೊನ್ನೆ ಡಿಸೆಂಬರಿನಲ್ಲಿ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಈಗ ಕಂಬಿ ಹಾಕಿ, ಬೆಂಚು ಇಟ್ಟಿದ್ದಾರೆ. ನೀರು ಇನ್ನಷ್ಟು ಕಪ್ಪಾಗಿ ನೊರೆ ಕಾರುತ್ತಿತ್ತು. ಮಗಳು ಬಹಳ ಹೊತ್ತು ಹುಡುಕಿ, "ಪರವೈ ಎಂಗೇಮ್ಮಾ?" ಎಂದು ತಮಿಳಿನಲ್ಲೇ ಕೇಳಿದಳು, ಹಕ್ಕಿ ಎಲ್ಲಿ ಅಂತ.

"ಹಕ್ಕಿಗಳು ಇಲ್ಲೇ ಇರ್ತಿದ್ವು ಕಣೇ" ಎಂದೆ. ಒಂದೂ ಇರಲಿಲ್ಲ.

ಪಕ್ಕದ ಬೆಂಚಿನಲ್ಲಿ ಒಂದು ಸಂಸಾರ ಕೂತು ಬಿಸಿ ಬಜ್ಜಿ ತಿನ್ನುತ್ತಿತ್ತು. ತಿಂದು ಮುಗಿಸಿ, ತಟ್ಟೆಗಳನ್ನು ಕಂಬಿಯಾಚೆ ಎಸೆದು, ಬೆರಳು ನೆಕ್ಕಿಕೊಂಡು ಎದ್ದರು. ಹೇಸಿಗೆ ಎನ್ನುವುದೂ ನಮ್ಮೂರಿನಿಂದ ಹಾರಿಹೋಗಿದೆ.